ಬಾಡಿಗೆ ಬೀಕನ್, ಪ್ರೋಬ್, ಸಲಿಕೆ: ಎರೆ ಹೊಲದಲ್ಲಿ ಪರೀಕ್ಷೆ, ಗುಲ್ಮಾರ್ಗ್ ಹಿಮದಲ್ಲಿ ಬಳಕೆ

ಜನವರಿ ಮೂರನೆಯ ವಾರ ಕಲಬುರಗಿಯ ನಮ್ಮ ಮನೆಗೆ ಕೊರಿಯರ್‌ನಲ್ಲಿ ಬಂದ ರಟ್ಟಿನ ಪೆಟ್ಟಿಗೆಯಲ್ಲಿ, ಜಾರಿ ಬಂದ ಹಿಮದಡಿ ಹೂತವರನ್ನು ಹುಡುಕಿ ತೆಗೆಯಲು ಬೇಕಾದ ನಾಲ್ಕು ಬೀಕನ್‌ಗಳು, ನಾಲ್ಕು ಮಡಚುವ ಪ್ರೋಬ್ ಕೋಲುಗಳು ಮತ್ತು ಹಿಡಿಕೆ ಕಳಚಿ ಇಡಬಹುದಾದ ನಾಲ್ಕು ಅಲ್ಯೂಮಿನಿಯಂ ಸಲಿಕೆಗಳಿದ್ದವು. ಫೆಬ್ರುವರಿಯಲ್ಲಿ ಗುಲ್ಮಾರ್ಗ್‌ಗೆ ಹೋಗಿ, ಕೇಬಲ್ ಕಾರಿನ ಸುತ್ತಲಿನ ಜನಜಂಗುಳಿಯನ್ನು ಬಿಟ್ಟು, ಸ್ಥಳೀಯ ಮಾರ್ಗದರ್ಶಕರೊಬ್ಬರ ಜೊತೆ ಹಿಮಪಾದುಕೆ ಕಟ್ಟಿಕೊಂಡು ಮೂರು ದಿನ ಕಾಡಿನಂಚಿನಲ್ಲಿ ನಡೆಯಬೇಕೆಂದು ನಾವು ನಾಲ್ವರು ಗೆಳೆಯರು ನಿಶ್ಚಯಿಸಿದ್ದೆವು. ಈ ಮೂರು ಸಾಧನಗಳಿಲ್ಲದವರನ್ನು ಕರೆದೊಯ್ಯುವುದಿಲ್ಲವೆಂದು ಆ ಮಾರ್ಗದರ್ಶಕರು ಮೊದಲ ಫೋನಿನಲ್ಲೇ ಹೇಳಿದ್ದರು. ಹೊಸದನ್ನು ಕೊಳ್ಳಲು ಹೋದರೆ ಬೀಕನ್ ಒಂದಕ್ಕೇ ಯುರೋಪಿನಲ್ಲಿ 300 ಯೂರೋ ಆಸುಪಾಸು ಬೆಲೆಯಿದೆ. ಹಾಗಾಗಿ ಮಹಾನಗರವೊಂದರಲ್ಲಿ ಚಾರಣದ ಸಾಮಾನು ಬಾಡಿಗೆಗೆ ಕೊಡುವ ಅಂಗಡಿಯೊಂದರಿಂದ ಹನ್ನೆರಡು ದಿನಕ್ಕೆ ತಲಾ 4,200 ರೂಪಾಯಿ ಬಾಡಿಗೆ ಮತ್ತು 15,000 ರೂಪಾಯಿ ಠೇವಣಿ ಕೊಟ್ಟು ತರಿಸಿಕೊಂಡೆವು. ಅಂಗಡಿಯ ಹೆಸರನ್ನು ಬರೆಯುತ್ತಿಲ್ಲ. ನಾನು ಕಂಡ ಲೋಪ ಆ ಒಂದು ಅಂಗಡಿಯದಷ್ಟೇ ಎಂದು ನನಗೆ ಅನಿಸುವುದಿಲ್ಲ. ಸಾಧನಗಳಿಗೆ ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ, ಅವುಗಳನ್ನು ಕೊಟ್ಟ ರೀತಿಗೆ ಎರಡು. ಹೀಗೇಕೆ ಎಂಬುದನ್ನು ಮುಂದೆ ವಿವರವಾಗಿ ಬರೆದಿದ್ದೇನೆ, ಏಕೆಂದರೆ ನಮ್ಮ ಕಡೆಯಿಂದ ಚಳಿಗಾಲದ ಹಿಮಾಲಯಕ್ಕೆ ಹೋಗುವವರ ಸಂಖ್ಯೆ ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿರುವುದನ್ನು ನೋಡುತ್ತಿದ್ದೇನೆ.

ಮೊದಲು ಒಂದು ಪದದ ವಿಷಯ. ನಮ್ಮ ಪತ್ರಿಕೆಗಳು ಹಿಮ ಬೀಳುವುದಕ್ಕೂ ಹಿಮ ಜಾರಿ ಕುಸಿಯುವುದಕ್ಕೂ 'ಹಿಮಪಾತ' ಎಂಬ ಒಂದೇ ಪದವನ್ನು ಬಳಸುತ್ತವೆ. ಆಕಾಶದಿಂದ ಹಿಮ ಬೀಳುವುದನ್ನು ನೋಡಲೆಂದೇ ಜನ ಹೋಗುತ್ತಾರೆ, ಇಳಿಜಾರಿನಿಂದ ಕಳಚಿ ಬರುವ ಹಿಮ ಜೀವ ತೆಗೆಯುತ್ತದೆ; ಎರಡನ್ನೂ ಒಂದೇ ಹೆಸರಿನಲ್ಲಿ ಕರೆದಾಗ ಓದುಗರಿಗೆ ಅಪಾಯದ ಸ್ವರೂಪವೇ ತಿಳಿಯುವುದಿಲ್ಲ. ನಾನು ಇಲ್ಲಿ ಎರಡನೆಯದನ್ನು ಹಿಮಕುಸಿತ ಎಂದೇ ಬರೆಯುತ್ತೇನೆ.

ಬೀಕನ್ ಎಂಬುದು ಎದೆಗೆ ಪಟ್ಟಿಯಿಂದ ಕಟ್ಟಿಕೊಳ್ಳುವ, ಅಂಗೈಗಿಂತ ಸ್ವಲ್ಪ ದೊಡ್ಡದಾದ ಪೆಟ್ಟಿಗೆ. ನಡೆಯುವಾಗ ಅದು ನಿರಂತರವಾಗಿ 457 ಕಿಲೋಹರ್ಟ್ಸ್ ತರಂಗವನ್ನು ಬಿಡುತ್ತಿರುತ್ತದೆ. ಜಗತ್ತಿನ ಎಲ್ಲ ಕಂಪನಿಗಳ ಬೀಕನ್‌ಗಳಿಗೂ ಇದೇ ತರಂಗವಾದ್ದರಿಂದ ಒಬ್ಬರ ಬೀಕನ್ ಇನ್ನೊಬ್ಬರದನ್ನು ಹುಡುಕಬಲ್ಲದು. ಸಂಗಾತಿಯೊಬ್ಬರು ಹಿಮದಡಿ ಹೂತುಹೋದಾಗ ಉಳಿದವರು ತಮ್ಮ ಬೀಕನ್‌ಗಳನ್ನು ಹುಡುಕುವ ಸ್ಥಿತಿಗೆ ಬದಲಿಸುತ್ತಾರೆ. ಪರದೆಯ ಮೇಲೆ ಬಾಣದ ಗುರುತು ಮತ್ತು ಮೀಟರಿನ ಅಂಕಿ ಮೂಡುತ್ತವೆ. ಪ್ರೋಬ್ ಎಂದರೆ ಗುಡಾರದ ಕೋಲಿನಂತೆ ತುಂಡುತುಂಡಾಗಿ ಮಡಚಿ ಇಡುವ, ಬಿಚ್ಚಿದಾಗ 240 ಸೆಂಟಿಮೀಟರ್ ಉದ್ದವಾಗುವ ಕೋಲು. ಬೀಕನ್ ತೋರಿಸಿದ ಜಾಗದಲ್ಲಿ ಹಿಮಕ್ಕೆ ಚುಚ್ಚಿ, ವ್ಯಕ್ತಿ ಎಲ್ಲಿದ್ದಾರೆ, ಎಷ್ಟು ಆಳದಲ್ಲಿದ್ದಾರೆ ಎಂದು ಖಚಿತಪಡಿಸಿಕೊಳ್ಳಲು ಅದು ಬೇಕು. ಸಲಿಕೆಯ ಕೆಲಸವನ್ನು ಹೇಳಬೇಕಾಗಿಲ್ಲ, ಆದರೆ ಅದು ಲೋಹದ್ದೇ ಆಗಿರಬೇಕು. ಜಾರಿ ಬಂದು ನಿಂತ ಹಿಮ ಕೆಲವೇ ಕ್ಷಣಗಳಲ್ಲಿ ಬಿಗಿದುಕೊಂಡು ಗಾರೆಯಂತೆ ಗಟ್ಟಿಯಾಗುವುದರಿಂದ ಪ್ಲಾಸ್ಟಿಕ್ ಸಲಿಕೆ ಅಲ್ಲಿ ಮುರಿದೇ ಹೋಗುತ್ತದೆ.

ಇಲ್ಲಿ ಒಂದು ಸೂಕ್ಷ್ಮವಿದೆ. ನಾನು ಹೊತ್ತ ಸಲಿಕೆ ನನ್ನ ಜೀವ ಉಳಿಸುವುದಿಲ್ಲ. ನನ್ನ ಜೀವ ನನ್ನ ಗೆಳೆಯ ಹೊತ್ತ ಸಲಿಕೆಯಲ್ಲಿದೆ, ಅವನದು ನನ್ನ ಕೈಯಲ್ಲಿದೆ. ಆದ್ದರಿಂದ ನಾಲ್ವರಲ್ಲಿ ಇಬ್ಬರಿಗೆ ಸಾಕು ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಅಂಗಡಿಯವರು ಫೋನಿನಲ್ಲಿ ಎರಡು ಸೆಟ್ ಸಾಕಾಗುತ್ತದೆ ಎಂದಾಗಲೇ ನನಗೆ ಅನುಮಾನ ಬರಬೇಕಿತ್ತು.

ಪೆಟ್ಟಿಗೆ ಬಿಚ್ಚಿದ ಸಂಜೆ ಪ್ರತಿಯೊಂದು ಬೀಕನ್‌ನ ಬ್ಯಾಟರಿ ಮುಚ್ಚಳ ತೆಗೆದು ನೋಡಿದೆ. ಮೂರನೆಯದರ ಒಳಗಿನ ಸ್ಪ್ರಿಂಗಿನ ಬುಡದಲ್ಲಿ ತಾಮ್ರದ ಕಿಲುಬಿನಂತೆ ಹಸಿರು ಮಿಶ್ರಿತ ಬಿಳಿ ಪುಡಿ ಕಟ್ಟಿತ್ತು. ಹಿಂದೆ ಯಾರೋ ಬಳಸಿ, ಬ್ಯಾಟರಿ ತೆಗೆಯದೆ ಮಳೆಗಾಲವಿಡೀ ಇಟ್ಟು, ಸೆಲ್ ಸೋರಿದ ಗುರುತು ಅದು. ಹೊಸ ಸೆಲ್ ಹಾಕಿದಾಗ ಪರದೆಯ ಮೇಲೆ 98 ಶೇಕಡಾ ಎಂದು ತೋರಿಸಿತು. ಅದನ್ನೇ ನಂಬಿಕೊಂಡಿದ್ದರೆ ಆ ಬೀಕನ್ ಸುಸ್ಥಿತಿಯಲ್ಲಿದೆ ಎಂದೇ ಭಾವಿಸಿ ಹೊರಡುತ್ತಿದ್ದೆವು. ಮರುದಿನ ಬೆಳಿಗ್ಗೆ ವಾಹನ ಓಡಾಡದ ರಸ್ತೆಯೊಂದರಲ್ಲಿ ಸರದಿಯ ಮೇಲೆ ಒಂದೊಂದು ಬೀಕನ್ ನೆಲದ ಮೇಲಿಟ್ಟು, ಉಳಿದವನ್ನು ಹಿಡಿದು ದೂರದಿಂದ ನಡೆದು ಬಂದು, ಯಾವುದು ಎಷ್ಟು ದೂರದಲ್ಲಿ ಮೊದಲ ಸದ್ದು ಹಿಡಿಯುತ್ತದೆಂದು ಅಳತೆಪಟ್ಟಿಯಿಂದ ಅಳೆದೆವು. ಎರಡು ಬೀಕನ್‌ಗಳು 45 ಮೀಟರಿನ ಹತ್ತಿರವೇ ಹಿಡಿದವು, ಇನ್ನೊಂದು 41 ಮೀಟರಿನಲ್ಲಿ. ಕಿಲುಬು ಹಿಡಿದದ್ದು 19 ಮೀಟರಿಗೆ ಬರುವವರೆಗೂ ಮೌನವಾಗಿತ್ತು. ಹಿಮಕುಸಿತದ ರಾಶಿ ನೂರಾರು ಮೀಟರ್ ಹರಡಿರುವಾಗ, ನಲವತ್ತು ಮೀಟರ್ ಅಂತರದ ಸಾಲುಗಳಲ್ಲಿ ಹುಡುಕುತ್ತಾ ಹೋಗುವ ವ್ಯಕ್ತಿಯ ಕೈಯಲ್ಲಿ ಈ ಬೀಕನ್ ಇದ್ದರೆ, ಹೂತ ಮನುಷ್ಯನ ಪಕ್ಕದಲ್ಲೇ ಹಾದುಹೋದರೂ ಅವನಿಗೆ ತಿಳಿಯುವುದಿಲ್ಲ.

ಒಂದು ಪ್ರೋಬ್‌ನಲ್ಲಿಯೂ ದೋಷವಿತ್ತು. ಒಳಗಿನ ತಂತಿಯನ್ನು ಎಳೆದು ಬಿಗಿ ಮಾಡುವ ಗಂಟು ಸವೆದು, ಎರಡು ಸಲ ಚುಚ್ಚಿದ ಮೇಲೆ ಕೋಲು ನಡುವೆ ಸಡಿಲವಾಗುತ್ತಿತ್ತು. ಸಲಿಕೆಗಳು ನಾಲ್ಕೂ ಚೆನ್ನಾಗಿದ್ದವು. ಹಿಡಿಕೆ ಉದ್ದ ಮಾಡಿದಾಗ ಕುಣಿಯದೆ ನಿಲ್ಲುತ್ತಿದ್ದವು, ಅಂಚು ಸೊಟ್ಟಗಾಗಿರಲಿಲ್ಲ.

ಹೊಲದ ಅಭ್ಯಾಸದ ಬಗ್ಗೆ ಸ್ವಲ್ಪ ವಿವರವಾಗಿಯೇ ಬರೆಯಬೇಕು, ಏಕೆಂದರೆ ಹಿಮವೇ ಇಲ್ಲದ, ಮೇ ತಿಂಗಳಲ್ಲಿ 42 ಡಿಗ್ರಿ ದಾಟುವ ನಮ್ಮ ಊರಿನಲ್ಲಿ ಇದನ್ನು ಕಲಿಯುವುದು ಹೇಗೆ ಎಂದು ಹಲವರು ನನ್ನನ್ನು ಕೇಳಿದ್ದಾರೆ. ಆಳಂದ ರಸ್ತೆಯ ಬದಿಯಲ್ಲಿ ಗೆಳೆಯನೊಬ್ಬನ ಎರೆ ಹೊಲವಿದೆ. ತೊಗರಿ ರಾಶಿ ಮುಗಿದು ಹೊಟ್ಟಿನ ದೊಡ್ಡ ಗುಡ್ಡೆ ಹಾಗೆಯೇ ಉಳಿದಿತ್ತು. ಬೀಕನ್ ಒಂದನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟು, ಹಳೆಯ ಕೌದಿಯಲ್ಲಿ ಸುತ್ತಿ, ಹೊಟ್ಟಿನೊಳಗೆ ಸುಮಾರು ಒಂದು ಮೀಟರ್ ಆಳದಲ್ಲಿ ಹುದುಗಿಸಿದೆವು. ಇನ್ನೊಂದನ್ನು ಹೊಲದ ಮತ್ತೊಂದು ಮೂಲೆಯ ತಗ್ಗಿನಲ್ಲಿಟ್ಟು ಮೇಲೆ ಹೊಟ್ಟು ಸುರಿದೆವು. ಇಟ್ಟವನು ಬಾಯಿ ಬಿಡುವಂತಿಲ್ಲ, ಹುಡುಕುವವನು ಗಡಿಯಾರ ಒತ್ತಿ ಹೊರಡಬೇಕು.

ಮೊದಲ ಪ್ರಯತ್ನದಲ್ಲಿ ನನಗೆ ಹನ್ನೊಂದು ನಿಮಿಷ ಹಿಡಿಯಿತು. ಬಾಣ ತೋರಿದ ಕಡೆ ನಡೆಯುತ್ತಿದ್ದರೂ ದಾರಿ ತಪ್ಪಿದಂತೆ ಅನಿಸುತ್ತಿತ್ತು. ಹಿಂದಿರುಗಿ ನೋಡಿದಾಗ ಸಡಿಲ ಎರೆ ಮಣ್ಣಿನಲ್ಲಿ ನನ್ನ ಹೆಜ್ಜೆಗಳು ಎಳನೀರಿನ ಕುಡುಗೋಲಿನಂತೆ ಬಾಗಿ ಬಂದಿದ್ದವು. ಬೀಕನ್ನಿನ ಸಂಕೇತ ನೇರ ಗೆರೆಯಲ್ಲಿ ಹೊರಡುವುದಿಲ್ಲ. ಅಯಸ್ಕಾಂತದ ಸುತ್ತ ಚೆಲ್ಲಿದ ಕಬ್ಬಿಣದ ಪುಡಿ ಹೇಗೆ ಬಾಗಿದ ಸಾಲುಗಳಲ್ಲಿ ನಿಲ್ಲುತ್ತದೋ ಹಾಗೆಯೇ ಸಂಕೇತದ ಗೆರೆಗಳೂ ಬಾಗಿರುತ್ತವೆ, ಬಾಣ ಅವನ್ನೇ ಹಿಂಬಾಲಿಸುತ್ತದೆ. ಪರದೆಯ ಮೇಲಿನ 30 ಎಂಬ ಅಂಕಿ ನೇರ ಮೂವತ್ತು ಮೀಟರ್ ಅಲ್ಲ, ಆ ಬಾಗಿದ ದಾರಿಯ ಅಂದಾಜು. ಇದನ್ನು ಓದಿ ತಿಳಿದಿದ್ದೆ, ಆದರೆ ನಂಬಿದ್ದು ಆ ಮಣ್ಣಿನಲ್ಲಿ ನನ್ನ ಹೆಜ್ಜೆಗಳನ್ನು ನೋಡಿದ ಮೇಲೆಯೇ. ಹಿಮದಲ್ಲಾದರೂ ಇಷ್ಟು ಸ್ಪಷ್ಟವಾಗಿ ಕಾಣುತ್ತಿತ್ತೋ ಇಲ್ಲವೋ.

ಅಂಕಿ ಮೂರಕ್ಕಿಂತ ಕೆಳಗಿಳಿದ ಮೇಲೆ ಓಡುವುದನ್ನು ನಿಲ್ಲಿಸಿ, ಬೀಕನ್ನನ್ನು ನೆಲಕ್ಕೆ ತಾಗುವಷ್ಟು ಕೆಳಗೆ ಹಿಡಿದು, ಮೊದಲು ಹಿಂದೆ ಮುಂದೆ, ಆಮೇಲೆ ಎಡ ಬಲ, ಹೀಗೆ ನಿಧಾನವಾಗಿ ಸರಿಸಿ, ಅತಿ ಕಡಿಮೆ ಅಂಕಿ ತೋರುವ ಜಾಗವನ್ನು ಹಿಡಿಯಬೇಕು. ಆತುರದಲ್ಲಿ ಬೀಕನ್ನನ್ನು ತಿರುಗಿಸಿಬಿಟ್ಟರೆ ಅಂಕಿಗಳು ಮತ್ತೆ ಗೊಂದಲವಾಗುತ್ತವೆ. ಆ ಜಾಗದಿಂದ ಸುರುಳಿಯಾಗಿ 25 ಸೆಂಟಿಮೀಟರಿಗೊಂದರಂತೆ, ಮೇಲ್ಮೈಗೆ ಲಂಬವಾಗಿ ಪ್ರೋಬ್ ಚುಚ್ಚುತ್ತಾ ಹೋಗಬೇಕು. ಗಟ್ಟಿ ನೆಲಕ್ಕೆ ತಾಗಿದಾಗ ಕೋಲು ಅಂಗೈಯನ್ನು ಠಕ್ ಎಂದು ಒದೆಯುತ್ತದೆ. ಕೌದಿಗೆ ತಾಗಿದಾಗ ಒಂದಿಷ್ಟು ಒಳಗಿಳಿದು ಮೆತ್ತಗೆ ಹಿಂದಕ್ಕೆ ತಳ್ಳುತ್ತದೆ. ಆ ವ್ಯತ್ಯಾಸ ಕೈಗೆ ಒಮ್ಮೆ ತಿಳಿದರೆ ಮರೆಯುವುದಿಲ್ಲ. ಮೂರನೆಯ ಭಾನುವಾರದ ಹೊತ್ತಿಗೆ ನಾಲ್ವರೂ ನಾಲ್ಕು ನಿಮಿಷದೊಳಗೆ ಕೌದಿ ಮುಟ್ಟುತ್ತಿದ್ದೆವು.

ಇನ್ನೆರಡು ಸಂಗತಿಗಳು ಆ ಹೊಲದಲ್ಲೇ ತಿಳಿದವು. ಗೆಳೆಯನೊಬ್ಬ ಮೊಬೈಲನ್ನು ಬೀಕನ್ ಇದ್ದ ಎದೆ ಜೇಬಿನಲ್ಲೇ ಇಟ್ಟುಕೊಂಡಿದ್ದಾಗ ಅವನ ಬಾಣ ಕಾರಣವಿಲ್ಲದೆ ಆ ಕಡೆ ಈ ಕಡೆ ಜಿಗಿಯುತ್ತಿತ್ತು. ಮೊಬೈಲನ್ನು ಬದುವಿನ ಮೇಲೆ ಇಟ್ಟುಬಂದ ಮೇಲೆ ನೆಟ್ಟಗಾಯಿತು. ಬೀಕನ್ ಸಂಕೇತ ಬಿಡುವಾಗ ಮೊಬೈಲು, ಲೋಹ, ಅಯಸ್ಕಾಂತದ ಗುಂಡಿ ಇತ್ಯಾದಿಗಳು ಅದರಿಂದ ಕನಿಷ್ಠ 20 ಸೆಂಟಿಮೀಟರ್, ಹುಡುಕುವಾಗ 50 ಸೆಂಟಿಮೀಟರ್ ದೂರವಿರಬೇಕೆಂಬ ನಿಯಮ ಇರುವುದೇ ಇದಕ್ಕೆ. ಎರಡನೆಯದಾಗಿ, ಬೋರ್‌ವೆಲ್ ಮೋಟಾರು ಓಡುತ್ತಿದ್ದಾಗ ಅದರ ಸ್ಟಾರ್ಟರ್ ಪೆಟ್ಟಿಗೆಯ ಹತ್ತಿರ ಅಂಕಿಗಳೆಲ್ಲ ಕುಣಿಯತೊಡಗಿದವು. ಕೇಬಲ್ ಕಾರಿನ ಕಂಬ, ವಿದ್ಯುತ್ ತಂತಿಗಳ ಬಳಿ ಹುಡುಕಬೇಕಾಗಿ ಬಂದರೆ ಇದನ್ನು ನೆನಪಿಡಬೇಕು. ಅಂಗಡಿಯವರು ಪೆಟ್ಟಿಗೆಯಲ್ಲಿ ಇಟ್ಟಿದ್ದ ಒಂದೇ ಪುಟದ ಸೂಚನಾ ಪತ್ರದಲ್ಲಿ ಈ ಯಾವ ವಿಷಯವೂ ಇರಲಿಲ್ಲ. ಆನ್ ಮಾಡುವುದು ಹೇಗೆ, ಕಳೆದರೆ ಎಷ್ಟು ದಂಡ ಎಂಬಿಷ್ಟೇ ಇತ್ತು. ನಾಲ್ಕರಲ್ಲಿ ಒಂದಕ್ಕೆ ಅವರು ರೀಚಾರ್ಜ್ ಮಾಡುವ ಸೆಲ್‌ಗಳನ್ನು ಹಾಕಿ ಕಳುಹಿಸಿದ್ದರು. ನಮಗೆ ಬಂದ ಮಾದರಿಯ ಕೈಪಿಡಿ ಆಲ್ಕಲೈನ್ ಸೆಲ್‌ಗಳನ್ನೇ ಹಾಕಬೇಕೆಂದು ಹೇಳುತ್ತದೆ, ಏಕೆಂದರೆ ರೀಚಾರ್ಜ್ ಸೆಲ್‌ಗಳು ಕೊನೆಯವರೆಗೂ ತುಂಬಿದಂತೆ ತೋರಿಸಿ ಒಮ್ಮೆಲೇ ಸತ್ತುಹೋಗುತ್ತವೆ.

ಹುಡುಕುವುದಕ್ಕಿಂತ ಅಗೆಯುವುದೇ ಹೆಚ್ಚು ಹೊತ್ತು ತಿನ್ನುತ್ತದೆ ಎಂಬುದು ಗುಲ್ಮಾರ್ಗ್‌ನಲ್ಲಿ ತಿಳಿಯಿತು. ಮಾರ್ಗದರ್ಶಕರು ತುಳಿದು ಗಟ್ಟಿ ಮಾಡಿದ ಹಿಮದಡಿ ಒಂದು ಮೀಟರ್ ಆಳದಲ್ಲಿ ಚೀಲವೊಂದನ್ನು ಹೂತಿದ್ದರು. ಪ್ರೋಬ್ ತಾಗಿದ ಮೇಲೆ ನಾವು ನಾಲ್ವರೂ ಅದರ ನೆತ್ತಿಯ ಮೇಲೇ ನಿಂತು ನೇರ ಕೆಳಗೆ ಬಾವಿ ತೋಡಲು ಹೊರಟೆವು. ಐದು ನಿಮಿಷದಲ್ಲಿ ಒಬ್ಬರಿಗೊಬ್ಬರು ಅಡ್ಡವಾಗಿ, ಎತ್ತಿದ ಹಿಮ ಗುಂಡಿಗೇ ಬೀಳತೊಡಗಿತು. ಅವರು ನಮ್ಮನ್ನು ನಿಲ್ಲಿಸಿ, ಪ್ರೋಬನ್ನು ಹಾಗೆಯೇ ಬಿಟ್ಟು, ಹೂತ ಆಳದ ಸುಮಾರು ಒಂದೂವರೆ ಪಟ್ಟು ದೂರ ಇಳಿಜಾರಿನ ಕೆಳಗಡೆಗೆ ಸರಿದು, ಅಲ್ಲಿಂದ ಅಡ್ಡಡ್ಡಲಾಗಿ ಕೊರೆಯುತ್ತಾ ಬರುವಂತೆ ಹೇಳಿದರು. ಮುಂದೆ ಒಬ್ಬ ತುಂಡು ಮಾಡುತ್ತಾನೆ, ಹಿಂದಿನ ಇಬ್ಬರು ಕಾಲುವೆಯ ಮಣ್ಣು ತಳ್ಳಿದಂತೆ ಹಿಮವನ್ನು ಹಿಂದಕ್ಕೆ ತಳ್ಳುತ್ತಾರೆ, ಮುಂದಿನವನು ದಣಿದ ಕೂಡಲೇ ಜಾಗ ಬದಲಿಸುತ್ತಾರೆ. ಹೀಗೆ ಮಾಡಿದಾಗ ಎಂಟು ನಿಮಿಷದಲ್ಲಿ ಚೀಲದ ತಲೆಭಾಗ ಹೊರಗೆ ಬಂತು.

ಈ ನಿಮಿಷಗಳ ಲೆಕ್ಕ ಏಕೆಂದರೆ, ಹಿಮದಡಿ ಸಿಕ್ಕವರಲ್ಲಿ ಹೆಚ್ಚಿನವರು ಸಾಯುವುದು ಚಳಿಯಿಂದಲ್ಲ, ಉಸಿರುಗಟ್ಟಿ. ಬಿಟ್ಟ ಉಸಿರಿನ ತೇವ ಮುಖದ ಮುಂದಿನ ಹಿಮವನ್ನು ಕರಗಿಸಿ, ಮರಳಿ ಮಂಜುಗಡ್ಡೆಯಾಗಿಸಿ ಮುಚ್ಚಿಬಿಡುತ್ತದೆ. ಪೂರ್ತಿ ಹೂತವರನ್ನು ಮೊದಲ ಹತ್ತು ಹದಿನೈದು ನಿಮಿಷದೊಳಗೆ ಹೊರತೆಗೆದರೆ ಹತ್ತರಲ್ಲಿ ಒಂಬತ್ತು ಮಂದಿ ಬದುಕುತ್ತಾರೆ; 35 ನಿಮಿಷ ಕಳೆಯುವ ಹೊತ್ತಿಗೆ ಅದು ಮೂವರಲ್ಲಿ ಒಬ್ಬರಿಗೆ ಇಳಿಯುತ್ತದೆ ಎಂದು ಆಲ್ಪ್ಸ್ ಪರ್ವತದ ದಾಖಲೆಗಳು ಹೇಳುತ್ತವೆ. ಕೆಳಗಿನಿಂದ ರಕ್ಷಣಾ ಪಡೆ ಎಷ್ಟೇ ಚುರುಕಾಗಿ ಬಂದರೂ ಆ ಹದಿನೈದು ನಿಮಿಷ ಮುಗಿದಿರುತ್ತದೆ.

ಮನೆಯಲ್ಲಿ ಈ ಮಾತು ಬಂದಾಗ ಹಿರಿಯರು ಹನುಮಂತಪ್ಪ ಕೊಪ್ಪದರನ್ನು ನೆನೆದರು. ಧಾರವಾಡ ಜಿಲ್ಲೆಯ ಬೆಟದೂರಿನ ಆ ಯೋಧ 2016ರ ಫೆಬ್ರುವರಿ 3ರಂದು ಸಿಯಾಚಿನ್‌ನಲ್ಲಿ, 19,000 ಅಡಿಗೂ ಎತ್ತರದ ಠಾಣೆಯಲ್ಲಿ, ಒಂಬತ್ತು ಸಂಗಾತಿಗಳೊಡನೆ ಹಿಮದಡಿ ಸಿಲುಕಿ, ಆರು ದಿನಗಳ ಬಳಿಕ ಜೀವಂತವಾಗಿ ಸಿಕ್ಕು, ಫೆಬ್ರುವರಿ 11ರಂದು ದೆಹಲಿಯ ಆಸ್ಪತ್ರೆಯಲ್ಲಿ ಕೊನೆಯುಸಿರೆಳೆದರು. ಇಡೀ ಕರ್ನಾಟಕ ಆ ದಿನಗಳಲ್ಲಿ ಅವರಿಗಾಗಿ ಪ್ರಾರ್ಥಿಸಿದ್ದು ನನಗೆ ಚೆನ್ನಾಗಿ ನೆನಪಿದೆ. ಆದರೆ ಆ ನೆನಪಿನಿಂದಲೇ ನಮ್ಮವರಲ್ಲಿ ಹಿಮದಡಿ ಕೆಲವು ದಿನ ಬದುಕಿರಬಹುದೆಂಬ ಭಾವನೆ ಉಳಿದುಬಿಟ್ಟಿದೆ. ಅಷ್ಟು ದಿನ ಉಳಿಯುವುದು ಉಸಿರಾಡಲು ಗಾಳಿಯ ಜಾಗ ಸಿಕ್ಕಾಗ ಮಾತ್ರ. 2025ರ ಫೆಬ್ರುವರಿ 28ರಂದು ಬದರೀನಾಥದ ಹತ್ತಿರದ ಮಾಣಾದಲ್ಲಿ ಗಡಿ ರಸ್ತೆಯ ಕೆಲಸಗಾರರು 54 ಮಂದಿ ಸಿಲುಕಿದಾಗ 46 ಮಂದಿ ಬದುಕಿ ಬಂದದ್ದಕ್ಕೂ ಅವರು ಮಲಗಿದ್ದ ಲೋಹದ ಕಂಟೇನರುಗಳೊಳಗೆ ಉಳಿದಿದ್ದ ಗಾಳಿಯೇ ದೊಡ್ಡ ಕಾರಣ. ಬಯಲಿನಲ್ಲಿ ನಡೆಯುತ್ತಿದ್ದ ಚಾರಣಿಗನ ಸುತ್ತ ಅಂಥ ಗೋಡೆ ಇರುವುದಿಲ್ಲ.

ಈಗ ಹಿಮದ ಹಾಸಿನ ವಿಷಯ. ಬಾಡಿಗೆ ಪೆಟ್ಟಿಗೆಯಲ್ಲಿ ಬಾರದ, ಆದರೆ ಎಲ್ಲಕ್ಕಿಂತ ಮೊದಲು ಬೇಕಾದ ತಿಳಿವಳಿಕೆ ಇದು. ಮೇಲಿನಿಂದ ನೋಡಿದರೆ ಒಂದೇ ಬಿಳಿ ಹೊದಿಕೆಯಂತೆ ಕಾಣುವ ಹಿಮ ಒಳಗೆ ಪದರ ಪದರವಾಗಿರುತ್ತದೆ. ಶಹಾಬಾದ ಕಲ್ಲಿನ ಗಣಿಯನ್ನು ನೋಡಿದವರಿಗೆ ಇದನ್ನು ವಿವರಿಸುವುದು ಸುಲಭ: ಒಂದರ ಮೇಲೊಂದು ಫರ್ಸಿ, ನಡುವೆ ತೆಳ್ಳನೆಯ ಸಡಿಲ ಸಂದು, ಆ ಸಂದಿಗೆ ಉಳಿ ಇಟ್ಟು ತಟ್ಟಿದರೆ ಚಪ್ಪಡಿ ಅಖಂಡವಾಗಿ ಏಳುತ್ತದೆ. ಅಪಾಯಕಾರಿ ಹಿಮಕುಸಿತಗಳಲ್ಲಿ ಹೆಚ್ಚಿನವು ಹೀಗೆಯೇ ಆಗುತ್ತವೆ. ಗಾಳಿ ಒತ್ತಿ ಗಟ್ಟಿ ಮಾಡಿದ ಚಪ್ಪಡಿಯೊಂದು ಕೆಳಗಿನ ದುರ್ಬಲ ಪದರದ ಮೇಲೆ ಕೂತಿರುತ್ತದೆ. ನಡೆಯುವವನ ಭಾರ ಉಳಿಯ ಪೆಟ್ಟಿನಂತೆ ಆ ಪದರವನ್ನು ಮುರಿದಾಗ ಬಿರುಕು ಕ್ಷಣಾರ್ಧದಲ್ಲಿ ಹರಡಿ ಇಡೀ ಚಪ್ಪಡಿ ಕಳಚುತ್ತದೆ. ಚಾರಣಿಗರು ಮತ್ತು ಸ್ಕೀ ಆಟಗಾರರು ಸಿಲುಕುವ ಹಿಮಕುಸಿತಗಳಲ್ಲಿ ಬಹುಪಾಲಿಗೆ ಕಾರಣರಾದವರು ಆ ಗುಂಪಿನವರೇ ಆಗಿರುತ್ತಾರೆ.

ದುರ್ಬಲ ಪದರ ಹುಟ್ಟುವ ಬಗೆ ನನಗೆ ಬಹಳ ಹಿಡಿಸಿತು. ಹಿಮದ ಬುಡದಲ್ಲಿ ನೆಲದ ಬಿಸುಪಿನಿಂದಾಗಿ ಉಷ್ಣತೆ ಸೊನ್ನೆಯ ಹತ್ತಿರವೇ ಇರುತ್ತದೆ, ಮೇಲ್ಮೈ ನಿರಭ್ರ ರಾತ್ರಿಯಲ್ಲಿ ಬಹಳ ತಣ್ಣಗಾಗುತ್ತದೆ. ಹತ್ತು ಸೆಂಟಿಮೀಟರಿಗೆ ಒಂದು ಡಿಗ್ರಿಗಿಂತ ಹೆಚ್ಚು ಅಂತರ ಬಂದಾಗ ಒಳಗಿನ ಆವಿ ಮೇಲಕ್ಕೆ ಸರಿಯುತ್ತಾ ಹಿಮದ ಕಣಗಳನ್ನು ಮೂಲೆ ಮೊನೆಗಳ ಹರಳುಗಳಾಗಿಸುತ್ತದೆ. ಆ ಹರಳುಗಳು ಒಂದಕ್ಕೊಂದು ಅಂಟುವುದಿಲ್ಲ. ಅಂಗೈಗೆ ತೆಗೆದುಕೊಂಡರೆ ದಪ್ಪ ಸಕ್ಕರೆಯಂತೆ ಬೆರಳ ಸಂದಿಯಿಂದ ಸುರಿದುಹೋಗುತ್ತವೆ. ಹಿಮ ತೆಳುವಾಗಿದ್ದಷ್ಟೂ, ಚಳಿ ಹೆಚ್ಚಿದಷ್ಟೂ ಇವು ಬೇಗ ಬೆಳೆಯುತ್ತವೆ. ಕಾರಾಕೋರಂ ಕಡೆಯ ಒಣ, ತೆಳು ಹಿಮದಲ್ಲಿ ಇದು ಚಳಿಗಾಲವಿಡೀ ಕಾಡುವ ಸಮಸ್ಯೆ. ಗುಲ್ಮಾರ್ಗ್ ಇರುವ ಪೀರ್ ಪಂಜಾಲ್ ಸಾಲಿನಲ್ಲಿ ಪಶ್ಚಿಮದ ಮಾರುತಗಳು ಒಂದೇ ಸಲ ಭಾರೀ ಹಿಮ ಸುರಿಸುವುದರಿಂದ, ಬಿರುಗಾಳಿಯ ಹೊತ್ತು ಮತ್ತು ಅದರ ಮರುದಿನಗಳಲ್ಲಿ ಅಪಾಯ ಹೆಚ್ಚು. ಆದರೆ ಮೊದಲ ಹಿಮ ಬಿದ್ದು ಬಹುದಿನ ಒಣ ಹವೆ ಮುಂದುವರಿದ ವರ್ಷ ಅಲ್ಲಿಯೂ ಬುಡದಲ್ಲಿ ಸಕ್ಕರೆ ಪದರ ಕೂರುತ್ತದೆ.

ಇಳಿಜಾರಿನ ಕೋನವನ್ನು ಎಲ್ಲರೂ ಮನೆಯಲ್ಲೇ ಅಭ್ಯಾಸ ಮಾಡಬಹುದು. ಚಪ್ಪಡಿ ಕುಸಿತಗಳು ಬಹುತೇಕ 30ರಿಂದ 45 ಡಿಗ್ರಿಯ ಇಳಿಜಾರುಗಳಲ್ಲಿ ಆಗುತ್ತವೆ. ನಮ್ಮ ಮನೆಗಳ ಮಹಡಿ ಮೆಟ್ಟಿಲು ಸಾಮಾನ್ಯವಾಗಿ ಮೂವತ್ತು ಮೂವತ್ತೈದು ಡಿಗ್ರಿ ಇರುತ್ತದೆ. ಮೊಬೈಲಿನ ಕೋನಮಾಪಕವನ್ನು ಮೆಟ್ಟಿಲ ಅಂಚಿಗೆ ತಾಗಿಸಿ ಇಟ್ಟರೆ ಕಣ್ಣಿಗೆ ಆ ಅಳತೆ ಕೂರುತ್ತದೆ. ನಾನು ಇಪ್ಪತ್ತು ಡಿಗ್ರಿ ಎಂದುಕೊಂಡಿದ್ದ ಇಳಿಜಾರು ಗುಲ್ಮಾರ್ಗ್‌ನಲ್ಲಿ ಅಳೆದಾಗ 28 ಬಂತು. ತಾನು ಸಮತಟ್ಟಿನಲ್ಲಿದ್ದರೂ ತಲೆಯ ಮೇಲೆ ಕಡಿದಾದ ಇಳಿಜಾರಿದ್ದರೆ ಅಪಾಯ ತಪ್ಪಿದ್ದಲ್ಲ. 2023ರ ಏಪ್ರಿಲ್ 4ರಂದು ಸಿಕ್ಕಿಂನ ನಾಥೂ ಲಾ ರಸ್ತೆಯಲ್ಲಿ ಏಳು ಮಂದಿ ಪ್ರವಾಸಿಗರು ತೀರಿಹೋದದ್ದು ರಸ್ತೆಯ ಬದಿಯಲ್ಲೇ.

ಗುಲ್ಮಾರ್ಗ್ 2,650 ಮೀಟರ್ ಎತ್ತರದಲ್ಲಿದೆ. ಕೇಬಲ್ ಕಾರಿನ ಎರಡನೆಯ ಹಂತ ಅಫರ್ವಾಟ್ ಬೆಟ್ಟದ ಮೇಲೆ ಸುಮಾರು 3,950 ಮೀಟರಿಗೆ ಕೊಂಡೊಯ್ಯುತ್ತದೆ. ಅಲ್ಲಿ ಗಸ್ತು ತಂಡ ನೋಡಿಕೊಳ್ಳುವ ಪ್ರದೇಶದ ಗಡಿ ದಾಟಿದ ಮೇಲೆ ಹೊಣೆ ನಡೆಯುವವರದೇ. 2023ರ ಫೆಬ್ರುವರಿ 1ರಂದು ಅದೇ ಅಫರ್ವಾಟ್‌ನಲ್ಲಿ ಪೋಲೆಂಡಿನ ಇಬ್ಬರು ಸ್ಕೀ ಆಟಗಾರರು ಹಿಮಕುಸಿತದಲ್ಲಿ ತೀರಿಕೊಂಡರು, ಮರುವರ್ಷ ಖಿಲನ್‌ಮಾರ್ಗ್‌ನಲ್ಲಿ ರಷ್ಯಾದ ಒಬ್ಬರು. ಹಿಮಕುಸಿತದ ಮುನ್ಸೂಚನೆಯನ್ನು ರಕ್ಷಣಾ ಸಂಶೋಧನಾ ಸಂಸ್ಥೆಯಾದ ಡಿಆರ್‌ಡಿಒದ ಅಂಗವಾದ ಡಿಜಿಆರ್‌ಇ ಕೊಡುತ್ತದೆ. 1969ರಲ್ಲಿ ಮನಾಲಿಯಲ್ಲಿ ಆರಂಭವಾದ ಹಿಮ ಅಧ್ಯಯನ ಸಂಸ್ಥೆಯೇ 2020ರಲ್ಲಿ ಇನ್ನೊಂದು ಪ್ರಯೋಗಾಲಯದೊಡನೆ ಸೇರಿ ಈ ಹೆಸರು ಪಡೆಯಿತು. ಗುಲ್ಮಾರ್ಗ್ ಬಾರಾಮುಲ್ಲಾ ಜಿಲ್ಲೆಯಲ್ಲಿದೆ, ಎಚ್ಚರಿಕೆಯೂ ಜಿಲ್ಲೆ ಮತ್ತು ಎತ್ತರದ ಲೆಕ್ಕದಲ್ಲಿ ಬರುತ್ತದೆ: ಇಂತಿಷ್ಟು ಮೀಟರಿಗಿಂತ ಮೇಲೆ ಮುಂದಿನ 24 ಗಂಟೆಗಳಲ್ಲಿ ಇಂಥ ಮಟ್ಟದ ಅಪಾಯ ಎಂದು. ನಾವು ಪ್ರತಿ ಸಂಜೆ ಅದನ್ನು ನೋಡಿಯೇ ಮರುದಿನದ ದಾರಿ ಮಾತಾಡುತ್ತಿದ್ದೆವು. ಜಿಲ್ಲೆಗೆಲ್ಲ ಅನ್ವಯಿಸುವ ಆ ಸೂಚನೆ ನಮ್ಮ ಮುಂದಿನ ಇಳಿಜಾರಿನ ಸ್ಥಿತಿಯನ್ನು ಹೇಳಲಾರದು, ಅದನ್ನು ಅಲ್ಲಿಯೇ ಅಗೆದು ನೋಡಬೇಕು.

ಎರಡನೆಯ ದಿನ ಅಗೆದೆವು. ಉತ್ತರಕ್ಕೆ ಮುಖ ಮಾಡಿದ, 25 ಡಿಗ್ರಿಯೊಳಗಿನ, ಮೇಲೆ ಕಡಿದಾದದ್ದೇನೂ ಇಲ್ಲದ ಜಾಗದಲ್ಲಿ, ಅದೇ ಬಾಡಿಗೆ ಸಲಿಕೆಗಳಿಂದ ಎದೆಮಟ್ಟದ ಗುಂಡಿ ತೋಡಿ, ಅದರ ಗೋಡೆಯನ್ನು ನಯವಾಗಿ ಕತ್ತರಿಸಿದಾಗ ಪದರಗಳು ಬರಿಗಣ್ಣಿಗೇ ಕಂಡವು. ಮೇಲಿನ 35 ಸೆಂಟಿಮೀಟರಿನೊಳಗೆ ನಾಲ್ಕು ಬೆರಳು ಕಷ್ಟಪಟ್ಟು ಹೋಗುತ್ತಿದ್ದವು. ಅದರಡಿ ಸಕ್ಕರೆಯ ತೆಳು ಪದರಕ್ಕೆ ಮುಷ್ಟಿಯೇ ಇಳಿಯಿತು. ಅದರಡಿ ಹಪ್ಪಳದಂಥ ಮಂಜುಗಡ್ಡೆಯ ಪದರ. ಮಾರ್ಗದರ್ಶಕರು 90 ಸೆಂಟಿಮೀಟರ್ ಅಗಲ, 30 ಸೆಂಟಿಮೀಟರ್ ಆಳದ ಕಂಬವೊಂದನ್ನು ಹಿಂದಿನಿಂದ ದಾರದಲ್ಲಿ ಕೊಯ್ದು ಬಿಡಿಸಿ, ಒಂದು ತುದಿಯಲ್ಲಿ ಸಲಿಕೆಯ ಅಲಗು ಮಲಗಿಸಿ, ಅದರ ಮೇಲೆ ಮೊದಲು ಮಣಿಕಟ್ಟಿನಿಂದ ಹತ್ತು ಸಲ ತಟ್ಟಿದರು. ಏನೂ ಆಗಲಿಲ್ಲ. ಮೊಣಕೈಯಿಂದ ತಟ್ಟತೊಡಗಿ ನಾಲ್ಕನೆಯದಕ್ಕೆ, ಒಟ್ಟು ಹದಿನಾಲ್ಕನೆಯ ಪೆಟ್ಟಿಗೆ, ಕಂಬದ ಈ ತುದಿಯಿಂದ ಆ ತುದಿಯವರೆಗೆ ನೂಲು ಹಿಡಿದು ಎಳೆದಂಥ ನೇರ ಗೆರೆ ಮೂಡಿ, ಮೇಲಿನ ಗಟ್ಟಿ ತುಂಡು ಅಖಂಡವಾಗಿ ನನ್ನ ಮಡಿಲಿಗೆ ಜಾರಿತು. ಭುಜದಿಂದ ತಟ್ಟುವ ಕೊನೆಯ ಹತ್ತು ಪೆಟ್ಟಿನ ಅಗತ್ಯವೇ ಬೀಳಲಿಲ್ಲ. ಬಿರುಕು ತಟ್ಟಿದ ಕಡೆಯೇ ನಿಂತಿದ್ದರೆ ಬೇರೆ ಮಾತು. ಕಂಬದುದ್ದಕ್ಕೂ ಓಡಿತೆಂದರೆ ಇಡೀ ಇಳಿಜಾರಿನಲ್ಲಿ ಓಡಬಲ್ಲದು ಎಂದು ಅವರು ಹೇಳಿ, ಮಧ್ಯಾಹ್ನ ಹತ್ತಬೇಕೆಂದಿದ್ದ ಗುಡ್ಡವನ್ನು ಕೈಬಿಟ್ಟರು. ನಾವು ದೇವದಾರು ಮರಗಳ ನಡುವಿನ ಸೌಮ್ಯ ದಾರಿಗೆ ತಿರುಗಿದೆವು. ಹಿಂದಿರುಗುವಾಗ ತೆರೆದ ಹುಲ್ಲುಗಾವಲಿನಲ್ಲಿ ನನ್ನ ಕಾಲಡಿ 'ಧುಮ್' ಎಂದು ದೊಡ್ಡ ಉಸಿರು ಬಿಟ್ಟಂಥ ಸದ್ದಾಗಿ, ಹಿಮಪಾದುಕೆಯ ತುದಿಯಿಂದ ಬಿರುಕೊಂದು ಚೈತ್ರದ ಎರೆ ಹೊಲದಲ್ಲಿ ಬಾಯಿ ಬಿಡುವ ಬಿರುಕಿನಂತೆ ಐದಾರು ಮೀಟರ್ ಓಡಿತು. ಅಲ್ಲಿ ಇಳಿಜಾರಿರಲಿಲ್ಲ. ನಾವು ಕೈಬಿಟ್ಟ ಗುಡ್ಡದಲ್ಲಿ ಇತ್ತು.

ಇದೆಲ್ಲ ಆದ ಮೇಲೆ ಬಾಡಿಗೆ ಸಾಧನಗಳ ಬಗ್ಗೆ ನನ್ನ ತೀರ್ಮಾನ ಹೀಗಿದೆ. ವರ್ಷಕ್ಕೊಮ್ಮೆ ಹೋಗುವ ನಮ್ಮಂಥವರು ಬಾಡಿಗೆಗೆ ತರುವುದರಲ್ಲಿ ತಪ್ಪಿಲ್ಲ, ಬೆಲೆಯೂ ನ್ಯಾಯವಾದದ್ದೇ. ಆದರೆ ಗುಡಾರ, ಜಾಕೆಟ್ಟು ಕೊಟ್ಟಂತೆ ಇವನ್ನು ಕೊಡಲಾಗದು. ಜಾಕೆಟ್ಟಿನ ಜಿಪ್ಪು ಕೆಟ್ಟರೆ ಹಾಕಿಕೊಂಡವನಿಗೆ ಕೂಡಲೇ ಗೊತ್ತಾಗುತ್ತದೆ. ಬೀಕನ್ ಕೆಟ್ಟಿದ್ದು ಬೇಕಾದ ಗಳಿಗೆಯವರೆಗೂ ಗೊತ್ತಾಗುವುದಿಲ್ಲ. ಪ್ರತಿ ಸಲ ಮರಳಿ ಬಂದ ಬೀಕನ್ನಿನ ಸೆಲ್ ತೆಗೆದಿಡುವುದು, ದೂರ ಅಳೆದು ನೋಡುವುದು, ಆ ಅಳತೆಯನ್ನು ಚೀಟಿಯಲ್ಲಿ ಬರೆದು ಜೊತೆಗಿಡುವುದು ಅರ್ಧ ಗಂಟೆಯ ಕೆಲಸ, ಮತ್ತು ಅಂಗಡಿಯವರು ಅದನ್ನು ಮಾಡಿರಲಿಲ್ಲ. ದೂರು ಹೇಳಿದ ಐದನೆಯ ದಿನಕ್ಕೆ ಬದಲಿ ಬೀಕನ್ ಕಳುಹಿಸಿದರು, ಸೌಜನ್ಯದಿಂದಲೇ ಮಾತಾಡಿದರು. ಬದಲಿ ಬಂದ ಬೀಕನ್ 44 ಮೀಟರಿನಲ್ಲಿ ಹಿಡಿಯಿತು. ನಾವು ಹದಿನೈದು ದಿನ ಮೊದಲೇ ತರಿಸಿಕೊಳ್ಳದೆ ಹೊರಡುವ ಹಿಂದಿನ ದಿನ ತರಿಸಿದ್ದರೆ ಆ ಐದು ದಿನ ಎಲ್ಲಿಂದ ಬರುತ್ತಿದ್ದವು ಎಂಬ ಪ್ರಶ್ನೆಗೆ ಅವರಲ್ಲಿ ಉತ್ತರವಿರಲಿಲ್ಲ. ಅಭ್ಯಾಸಕ್ಕೆ ಹೆಚ್ಚು ದಿನ ಇಟ್ಟುಕೊಂಡದ್ದಕ್ಕೆ ನಾವು ಹೆಚ್ಚುವರಿ ಬಾಡಿಗೆ ಕಟ್ಟಿದೆವು. ಅದು ನನಗೆ ಬೇಸರವಿಲ್ಲ, ಆದರೆ ಕೆಟ್ಟ ಬೀಕನ್ನಿನ ದಿನಗಳಿಗೂ ಬಾಡಿಗೆ ಹಿಡಿದದ್ದು ಸರಿಯಲ್ಲ.

ಗಾಳಿಚೀಲವಿರುವ ಬೆನ್ನುಚೀಲವನ್ನೂ ಅವರು ಬಾಡಿಗೆಗೆ ಕೊಡುತ್ತಾರೆ. ಎಳೆದಾಗ ಉಬ್ಬಿ ಮನುಷ್ಯನನ್ನು ಜಾರುವ ಹಿಮದ ಮೇಲ್ಭಾಗದಲ್ಲಿ ಉಳಿಸುವ ಒಳ್ಳೆಯ ಸಾಧನವದು, ಆದರೆ ವಿಮಾನದಲ್ಲಿ ಅದರ ಸಿಲಿಂಡರಿನ ಅನುಮತಿ ಮೊದಲೇ ಪಡೆಯಬೇಕು, ನಾವು ತೆಗೆದುಕೊಳ್ಳಲಿಲ್ಲ. ವಿದೇಶದ ಚಾರಣಿಗರು ಒಯ್ಯುವ ಉಪಗ್ರಹ ಸಂದೇಶ ಸಾಧನವನ್ನು ಮಾತ್ರ ಯಾರೂ ತರಬಾರದು. ಪರವಾನಗಿ ಇಲ್ಲದೆ ಅದನ್ನು ಭಾರತದಲ್ಲಿ ಇಟ್ಟುಕೊಳ್ಳುವುದೇ ಅಪರಾಧ.

ಮಾರ್ಚ್ ಮೊದಲ ವಾರ ಪೆಟ್ಟಿಗೆಯನ್ನು ಮರಳಿ ಕಳುಹಿಸಿದೆವು. ಸೆಲ್‌ಗಳನ್ನೆಲ್ಲ ತೆಗೆದು ಬೇರೆ ಪೊಟ್ಟಣದಲ್ಲಿ ಕಟ್ಟಿ, ಪ್ರೋಬ್‌ಗಳನ್ನು ಒರೆಸಿ ಒಣಗಿಸಿ, ಪ್ರತಿ ಬೀಕನ್ನಿಗೂ ನಾವು ಅಳೆದ ದೂರ ಮತ್ತು ತಾರೀಕನ್ನು ಕನ್ನಡ, ಹಿಂದಿ, ಇಂಗ್ಲಿಷ್ ಮೂರರಲ್ಲೂ ಬರೆದ ಚೀಟಿ ಅಂಟಿಸಿದೆವು. ಗಂಟು ಸವೆದ ಪ್ರೋಬಿಗೆ ಕೆಂಪು ಟೇಪು ಸುತ್ತಿ, ಇದನ್ನು ಬಾಡಿಗೆಗೆ ಕೊಡಬೇಡಿ ಎಂದು ಬರೆದೆ. ಠೇವಣಿ ಹತ್ತನೆಯ ದಿನ ಪೂರ್ತಿ ಮರಳಿ ಬಂತು. ಮೊನ್ನೆ ಮುಂದಿನ ಚಳಿಗಾಲಕ್ಕೆಂದು ವಿಚಾರಿಸಿದಾಗ, ನಾವು ಅಂಟಿಸಿದ ಚೀಟಿಗಳು ಇನ್ನೂ ಹಾಗೆಯೇ ಇವೆ ಎಂದರು. ಅದೇ ಬೀಕನ್‌ಗಳನ್ನು ಹೊಸದಾಗಿ ಅಳೆದು, ಹೊಸ ತಾರೀಕು ಹಾಕಿ ಕಳುಹಿಸಿದರೆ ಮಾತ್ರ ತೆಗೆದುಕೊಳ್ಳುತ್ತೇವೆಂದು ಹೇಳಿದ್ದೇನೆ.